ಪುಶ್ ಅಂದರೆ ತಳ್ಳುವುದು

ಅಕ್ಕಾ,
ಆರೋಗ್ಯವಾಗಿದ್ದೇನೆ, ಗಾಬರಿಯಾಗಬೇಡ. ಮೀನಿಡುವ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಊಟದ ಬಿಡುವಿನಲ್ಲಿ ನಮ್ಮ ಭಾಷೆಯ ಸೂಪರ್‌ವೈಸರಮ್ಮ ಇಂಗ್ಲಿಷ್ ಕಲಿಸುತ್ತಾರೆ. "ಪುಶ್ ಅಂದ್ರೆ?" ಎಂದರೆ ನಾವೆಲ್ಲ "ನಮ್ಮಿಂದ ಆಚೆಗೆ ತಳ್ಳೋದು!" ಎಂದು ಕೂಗಬೇಕು.

ನಿನ್ನೆ ನಾನು ಒಳಗಿರುವಾಗ ಬಾಗಿಲು ಮುಚ್ಚಿಕೊಂಡಿತು. ಅದರ ಮೇಲೆ ದೊಡ್ಡದಾಗಿ ಅದೇ ಪದ. ಬಾಯಿ ಗಿಳಿಪಾಠ ಒಪ್ಪಿಸುತ್ತಿತ್ತು, ಕೈ ಮಾತ್ರ ಹಿಡಿಯನ್ನು ಎಳೆಯುತ್ತಲೇ ಇತ್ತು. ಕೊನೆಗೆ ಕಾಲು ಸೋತು ಒರಗಿದಾಗ ಬಾಗಿಲು ತೆರೆದುಕೊಂಡಿತು. "ಪಾಠ ಚೆನ್ನಾಗೇ ಬರತ್ತಲ್ಲ, ಮತ್ಯಾಕೆ ಅಳು?" ಅಂದರು ಹೊರಗೆ ನಿಂತು ಕೇಳಿಸಿಕೊಂಡಿದ್ದ ಸೂಪರ್‌ವೈಸರಮ್ಮ.

ಬೆರಳು ಊದಿವೆ, ಮುಲಾಮು ಹಚ್ಚಿದ್ದೇನೆ. ಅಮ್ಮನಿಗೆ ಓದಿ ಹೇಳುವಾಗ ಬಾಗಿಲಿನ ಸಂಗತಿ ನುಂಗಿಕೋ.

ಇವತ್ತಿನ ಹೊಸ ಪದ ಹೆಲ್ಪ್. ಅರ್ಥ ಬಾಯಿಪಾಠವಾಗಿದೆ. ಹೊತ್ತಿಗೆ ಸರಿಯಾಗಿ ಕೂಗಲು ಬರುತ್ತದೋ ಇಲ್ಲವೋ ಕಾಣೆ. ಸೈರನ್ ಆಯಿತು, ಒಳಗೆ ಹೋಗಬೇಕು.

ನಿನ್ನ ತಂಗಿ