ಲಾಳವ್ವನ ಏಳನೆಯ ಪುಸ್ತಕ

ಬನಹಟ್ಟಿ
17 ಆಗಸ್ಟ್ 2025, ರವಿವಾರ

ಅವ್ವಾ ಅಕ್ಷತಾ,

ನಿನ್ನ ಅಪ್ಪ ದೂರದಿಂದಲೇ ನಿನ್ನ ತಲೆ ಸವರಿ ಬರೆಯುವ ಕಾಗದವಿದು. ಪಂಚಮಿಗೆ ಮೊದಲೇ ಬರೆಯುತ್ತೇನೆ ಎಂದಿದ್ದೆ. ಪಂಚಮಿ ಹೋಗಿ ಮೂರು ವಾರವಾಗುತ್ತ ಬಂತು. ಸಿಟ್ಟಾಗಬೇಡ. ನಾಲ್ಕು ಹಾಳೆ ಬರೆದು ಹರಿದೆ. ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟವನ ಅಕ್ಷರ, ತಪ್ಪು ಕಂಡರೆ ನಗು, ಆದರೆ ಅಳಿಯಂದಿರಿಗೆ ತೋರಿಸಬೇಡ.

ನಾವು ಆರಾಮ ಇದ್ದೇವೆ. ಆರಾಮ ಎಂದರೆ ನಿಮ್ಮವ್ವನ ಮೊಣಕಾಲು ನೋವು ಇದ್ದಷ್ಟೇ ಇದೆ, ನನ್ನ ಕೆಮ್ಮು ಕಡಿಮೆಯಾಗಿದೆ. ಅದಕ್ಕೆಲ್ಲ ನೀನು ಚಿಂತೆ ಮಾಡಬೇಡ, ಚಿಂತೆ ಮಾಡಲು ನಾನಿದ್ದೇನೆ. ನಿಮ್ಮ ಅತ್ತೆಯವರ ಉಳುಕಿದ ಕಾಲು ಹೇಗಿದೆ? ಅದಕ್ಕಾಗಿ ನೀನು ಮದುವೆಯಾದ ಮೊದಲ ಪಂಚಮಿಗೆ ತವರಿಗೆ ಬರಲಾಗಲಿಲ್ಲ ಎಂದು ನನಗೆ ತಿಳಿದಿದೆ. ಆದರೂ ನಿಮ್ಮೂರು ಗಲಗಲಿಯ ಬಸ್ಸು ಬಂದಾಗಲೆಲ್ಲ ನಿಮ್ಮವ್ವ ಬಾಗಿಲಿಗೆ ಹೋಗಿ ಬರುತ್ತಿದ್ದಳು. ಕೃಷ್ಣೆ ಎಷ್ಟು ಏರಿದ್ದಾಳೆ? ಅರಿವೆ ಒಗೆಯಲು ಹೊಳೆಗೆ ಇಳಿಯಬೇಡ. ಇಳಿದರೂ ಒಬ್ಬಳೇ ಇಳಿಯಬೇಡ.

ಇದನ್ನೆಲ್ಲ ಫೋನಿನಲ್ಲಿ ಕೇಳಬಹುದಿತ್ತು ಎನ್ನುತ್ತೀ. ಫೋನಿನಲ್ಲಿ ನಾನು, "ಊಟ ಆತೇನವ್ವಾ?" ಎನ್ನುತ್ತೇನೆ. ನೀನು, "ಆತಪ್ಪಾ" ಎನ್ನುತ್ತೀ. ಮುಂದೆ ಇಬ್ಬರೂ ಒಬ್ಬರ ಉಸಿರು ಒಬ್ಬರು ಕೇಳುತ್ತ ಕೂರುತ್ತೇವೆ.

ಕಾರಹುಣ್ಣಿಮೆಗೆ ಬಂದಾಗ ಅಳಿಯ ಶಿವಯೋಗಿಯವರು ನನ್ನ ಫೋನಿನಲ್ಲಿ ಒಂದು ಗೇಮ್ ಹಾಕಿ ಕೊಟ್ಟಿದ್ದರಲ್ಲ, ಒಬ್ಬ ಓಡುತ್ತಲೇ ಇರುತ್ತಾನೆ, ಗುಂಡಿ ಬಂದರೆ ನಾವು ಜಿಗಿಸಬೇಕು. ಮೊದಲ ಗುಂಡಿಯಲ್ಲೇ ಅವನು ಬಿದ್ದ. ನಾನು ಅಯ್ಯಯ್ಯೋ ಎಂದು ಎದ್ದು ನಿಂತೆ. "ಹೆದರಬ್ಯಾಡ್ರಿ ಮಾವಾರ, ಇನ್ನೂ ಎರಡ ಜೀವ ಅದಾವ" ಎಂದು ಅವರು ಕೈ ಹಿಡಿದು ಕೂಡಿಸಿದರು. ಮೂರು ಜೀವ ಇದ್ದರೇನು, ನೋಡಿಕೊಂಡು ಓಡಬೇಕಲ್ಲವೇ? ನಾನೀಗ ಅವನನ್ನು ಓಡಿಸುವುದೇ ಇಲ್ಲ. ದಿನಕ್ಕೊಮ್ಮೆ ತೆರೆದು, ಇದ್ದಲ್ಲೇ ಇದ್ದಾನೆಯೇ ಎಂದು ನೋಡಿ ಮುಚ್ಚುತ್ತೇನೆ.

ನನ್ನ ಈ ಹೆದರಿಕೆ ನಿನಗೇನು ಹೊಸದಲ್ಲ. ನೂಲು ತರಲು ಜಮಖಂಡಿಗೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನ ಅಂಗಡಿಯಿಂದ ನಿನಗೊಂದು ಕಾಮಿಕ್ಸ್ ತರುತ್ತಿದ್ದೆ. ನೀನು ಮಗ್ಗದ ಪಕ್ಕ ಕೂತು, ಮಗ್ಗದ ಸದ್ದಿಗಿಂತ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಮರೆತಿದ್ದ ಅಕ್ಷರಗಳನ್ನು ನಾನು ಮತ್ತೆ ಕಲಿತದ್ದೇ ಆ ಚಿತ್ರದ ಮಂದಿಯ ಬಾಯಿಯಿಂದ ಹೊರಡುವ ಮಾತಿನ ಬಲೂನುಗಳಲ್ಲಿ. ಒಂದು ಬಲೂನಿಗೆ ನಾಲ್ಕೇ ಮಾತು, ಅಷ್ಟಾದರೆ ನನಗೂ ಓದಲು ಬರುತ್ತಿತ್ತು. ಆದರೆ ಹಾರುವವರನ್ನು ಕಂಡರೆ ನನಗೆ ಜೀವ ಹೊಡೆದುಕೊಳ್ಳುತ್ತಿತ್ತು.

"ಲೇ, ಆ ಬೆನ್ನಿನ ಅರಿವಿ ಮಗ್ಗದ ಪಟ್ಟಾಕ ಸಿಕ್ಕರ ಏನ ಗತಿ?"

"ಅವಂಗೇನೂ ಆಗೂದಿಲ್ಲಪ್ಪ. ಅಂವಾ ಸೂಪರ್‌ಹೀರೋ."

"ಸೂಪರ್‌ಹೀರೋ ಆದರ ಅವ್ವ ಇಲ್ಲೇನ? ಸಂಜಿಮುಂದ ಮನಿಗೆ ಬಾ ಅನ್ನಾವ್ರು ಯಾರೂ ಇಲ್ಲೇನ?"

ನೀನು ಹೊಟ್ಟೆ ಹಿಡಿದು ನಗುತ್ತಿದ್ದೆ. "ಎಲ್ಲಾ ಸೂಪರ್‌ಹೀರೋಗೂ ಒಂದ ವೀಕ್‌ನೆಸ್ ಇರತೈತಪ್ಪ. ಅದೊಂದ ಕಾಯ್ಕೊಂಡರ ಸಾಕು" ಎನ್ನುತ್ತಿದ್ದೆ. ಅಷ್ಟು ಸಣ್ಣವಳು ಎಷ್ಟು ದೊಡ್ಡ ಮಾತು ಆಡುತ್ತಾಳೆ ಎಂದು ನಾನು ನಿಮ್ಮವ್ವನಿಗೆ ಹೇಳುತ್ತಿದ್ದೆ.

ಆರನೆಯ ಇಯತ್ತೆಯಲ್ಲಿ ನೀನೇ ಒಬ್ಬಳನ್ನು ಹುಟ್ಟಿಸಿದೆ. ಲಾಳವ್ವ. ಕೈಯಲ್ಲಿ ನಮ್ಮ ಮಗ್ಗದ ಲಾಳಿ. ಅದನ್ನು ಒಗೆದರೆ ಹಿಂದೆ ಬಿಚ್ಚಿಕೊಳ್ಳುವ ನೂಲನ್ನು ಹಿಡಿದು ಮುಧೋಳದವರೆಗೂ ಹಾರುವಳು. ನಿಮ್ಮವ್ವ ಸೆಟೆದುಕೊಂಡಳು: "ನಾ ಅನ್ನವ್ವ ಅಂತ ಆಕಿಗೆ ಲಾಳವ್ವ ಅಂತ ಇಟ್ಟೀಯೇನ? ನಾ ಯಾವಾಗ ಹಾರೇನಿ?" ನೀನು, "ನೀ ಹಾರೂದಿಲ್ಲ ಬೇ, ಹಾರ್ಯಾಡ್ತಿ" ಎಂದು ಆಕೆಯ ಕೈಗೆ ಕಸಬರಿಗೆ ಸಿಗುವ ಮೊದಲೇ ಓಡಿದೆ. ಲಾಳವ್ವನ ವೈರಿ ಗಂಟುರಾಯ, ಊರ ಮಂದಿಯ ನೂಲಿಗೆಲ್ಲ ಗಂಟು ಹಾಕುವವನು. ಹೆಗಲ ಮೇಲೆ ಟವೆಲ್ಲು, ಕಿವಿಯ ಮೇಲೆ ಪೆನ್ಸಿಲ್ಲು. ದುಷ್ಟನಿಗೆ ಪೆನ್ಸಿಲ್ ಯಾಕೆ ಎಂದು ನಾನು ಕೇಳಿದ್ದಕ್ಕೆ, "ಸುಮ್ಮ" ಎಂದಿದ್ದೆ.

ಆರು ನೋಟ್‌ಬುಕ್ ತುಂಬಿತು. ಏಳನೆಯದು ಅರ್ಧಕ್ಕೆ ನಿಂತಿತು. ಕೊನೆಯ ಚಿತ್ರದಲ್ಲಿ ಲಾಳವ್ವ ಗಂಟುರಾಯನ ಎದುರು ನಿಂತಿದ್ದಾಳೆ. ಅವನು ಬಾಯಿ ತೆರೆದಿದ್ದಾನೆ, ಬಲೂನು ಇದೆ, ಬಲೂನಿನಲ್ಲಿ ಮಾತಿಲ್ಲ. ಮುಂದಿನ ಚೌಕಗಳೆಲ್ಲ ಖಾಲಿ. ಎಂಟು ವರ್ಷವಾಯಿತು.

ಹೋದ ತಿಂಗಳು ಫೋನಿನಲ್ಲಿ ಧೈರ್ಯ ಮಾಡಿ ಕೇಳಿದೆನಲ್ಲ, ಮುಂದೆ ಏನಾಯಿತು ಎಂದು. "ಬಿಡಪ್ಪಾ. ಆ ಬಲೂನಿನ್ಯಾಗ ಏನ್ ಬರೀಬೇಕಂತ ಆಗೂ ತಿಳೀಲಿಲ್ಲ, ಈಗೂ ತಿಳಿಯವಲ್ದು. ಇನ್ನ ನಾ ಚಿತ್ರಾ ತಗಿಯೂದಿಲ್ಲ" ಎಂದೆ. ಹಿಂದಿನಿಂದ ಅಳಿಯಂದಿರ ದನಿ ಕೇಳಿತು: "ಬಣ್ಣದ ಪೆಟ್ಟಿಗಿ ತಂದ ಇಟ್ಟೇನ್ರಿ ಮಾವಾರ, ಮುಟ್ಟವಲ್ಲಳು." ಅಂದಿನಿಂದ ನನಗೆ ರೊಟ್ಟಿ ಒಳಗಿಳಿಯುತ್ತಿಲ್ಲ. ಲಾಳವ್ವ ಹಾಗೇ ನಿಂತಿದ್ದರೆ ಹೇಗೆ? ಆಕೆ ನಿಂತದ್ದಕ್ಕೆ ನಾನು ಕಾರಣವೇ?

ಅದಕ್ಕೇ ನಿನ್ನ ಪಂಚಮಿ ಸೀರೆಯ ಸೆರಗಿನಲ್ಲಿ ಆಕೆಯನ್ನೇ ನೇಯಬೇಕೆಂದು ಕೂತೆ. ಪವರ್‌ಲೂಮ್ ಬಂದ ಮೇಲೆ ಮೂಲೆಗೆ ಬಿದ್ದಿದ್ದ ಕೈಮಗ್ಗದ ಮೇಲಿನ ಧೂಳು ಕೊಡವಿದೆ. ನಿನ್ನ ಚಿತ್ರವನ್ನು ಗ್ರಾಫ್ ಹಾಳೆಗೆ ಇಳಿಸಿದೆ. ಒಂದು ಚೌಕ ಎಂದರೆ ಒಂದು ಎಳೆ. ಬಲಗೈಯಲ್ಲಿ ಲಾಳಿ ಎತ್ತಿ ಹಾರುತ್ತಿರುವ ಲಾಳವ್ವ, ನೀನು ತೆಗೆದಂತೆಯೇ. ಮಗ್ಗಕ್ಕೆ ನಕ್ಷೆ ಹೇಳುವ ತೂತಿನ ಕಾರ್ಡು ಹೊಡೆದುಕೊಡುವ ಹಾಲೇಶ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಪ್ರಭಣ್ಣಾ, ಇದ್ಯಾವ ದೇವಿಪಾ? ಎಲ್ಲಿ ಗುಡಿಯಾಕಿ?"

"ನನ್ನ ಮಗಳು ಹುಟ್ಟಿಸಿದಾಕಿ. ಇನ್ನೂ ಗುಡಿ ಆಗಿಲ್ಲ."

"ಕಾರ್ಡ ತಿರುವಿ ಹೊಡೀಲ್ಯಾ, ಇದ್ದಂಗ ಹೊಡೀಲ್ಯಾ?"

"ನನ್ನ ಮಗಳು ತಗದಂಗ ಹೊಡಿಯೋ ಮಾರಾಯಾ. ಒಂದ ಚೌಕ ಆಕಡೆ ಈಕಡೆ ಆಗಬಾರದು."

ನಲವತ್ತು ವರ್ಷ ನೇಯ್ದವನು ಹೀಗೆ ಹೇಳಬಾರದಿತ್ತು. ಈ ಮಗ್ಗದಲ್ಲಿ ಸೀರೆಯನ್ನು ಬೋರಲಾಗಿ ನೇಯುತ್ತೇವೆ. ನಮಗೆ ಮೇಲೆ ಕಾಣುವುದು ಅದರ ಬೆನ್ನು, ಮುಖ ಕೆಳಗಿರುತ್ತದೆ. ಹೂವು ಬಳ್ಳಿಗೆ ಎಡಬಲದ ಹಂಗಿಲ್ಲ, ಹಾಗಾಗಿ ನಾನು ಇಷ್ಟು ವರ್ಷ ಆ ಲೆಕ್ಕಕ್ಕೇ ಹೋದವನಲ್ಲ. ನೇಯುವಾಗ ಲಾಳವ್ವ ನೀನು ತೆಗೆದಂತೆಯೇ ಕಂಡಳು. ಸೀರೆ ಇಳಿಸಿ ಮಗುಚಿದರೆ ನಿಮ್ಮವ್ವ ಗಲ್ಲದ ಮೇಲೆ ಕೈಯಿಟ್ಟಳು. "ಏನ್ರೀ ಇದು, ಎಡಗೈಲೆ ಒಗಿಯಾಕತ್ತಾಳ!"

ಗಲಗಲಿಯ ಹೆಂಗಸರು ಏನೆನ್ನುತ್ತಾರೋ, ನಿಮ್ಮ ಅತ್ತೆಯವರು ಏನೆನ್ನುತ್ತಾರೋ ಎಂದು ಎರಡು ದಿನ ಸೀರೆಯನ್ನು ಟ್ರಂಕಿನಲ್ಲಿ ಬಚ್ಚಿಟ್ಟೆ. ನಿಮ್ಮವ್ವ, "ಬಿಚ್ಚಿ ಮತ್ತ ನೇಯ್ರಿ, ಏನ ಅವಸರ ಐತಿ" ಎಂದಳು. ಬಿಚ್ಚಲೆಂದೇ ಹೊರಗೆ ತೆಗೆದೆ. ಬಿಚ್ಚಲಿಲ್ಲ.

ಬುಧವಾರ ರಾಮಣ್ಣ ನಿಮ್ಮೂರಿಗೆ ನೂಲು ಕೊಡಲು ಬರುತ್ತಾನೆ. ಅವನ ಕೈಯಲ್ಲಿ ಸೀರೆ, ನಿಮ್ಮವ್ವನ ಶೇಂಗಾ ಉಂಡಿ, ಎಳ್ಳುಂಡಿ ಕಳಿಸುತ್ತಿದ್ದೇವೆ. ಉಂಡಿಯ ಡಬ್ಬಿ ಕೆಳಗಿಡಲು ಹೇಳಿದ್ದೇನೆ, ಎಣ್ಣೆ ಸೀರೆಗೆ ಇಳಿದರೆ ಕಷ್ಟ. ಸೀರೆಯನ್ನು ಉಟ್ಟು ಅತ್ತೆ ಮಾವನವರಿಗೆ ನಮಸ್ಕಾರ ಮಾಡು. ಅಳಿಯಂದಿರಿಗೆ, ಓಡುವವನು ಕ್ಷೇಮವಾಗಿದ್ದಾನೆ ಎಂದು ತಿಳಿಸು. ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಮನೆಯ ದೀಪ ಗಾಳಿಗೆ ಅಲುಗದಿರಲಿ.

ನಿನ್ನ ಅಪ್ಪ,
ಪ್ರಭುಲಿಂಗ

ತಾ.ಕ.: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೆಳಗುಳಿದ ಮಾತು.

ಗ್ರಾಫ್ ಹಾಳೆಯ ಮೇಲೆ ಚೌಕ ತುಂಬುತ್ತ ಲಾಳವ್ವನ ಎಡ ಮುಂಗೈಗೆ ಬಂದೆ. ಅಲ್ಲಿ ಸುತ್ತಿದ್ದನ್ನು ಇಷ್ಟು ವರ್ಷ ಬಳೆ ಎಂದುಕೊಂಡಿದ್ದೆ. ಎಳೆ ಎಣಿಸಲು ಕನ್ನಡಕ ಹಾಕಿ ನೋಡಿದರೆ ಅದು ನೂಲು. ಅದಕ್ಕೊಂದು ಗಂಟು. ಕಡಿದ ಎಳೆಗೆ ನೇಕಾರ ಹಾಕುವ ಗಂಟು. ಆರೂ ಪುಸ್ತಕ ಹರಡಿಕೊಂಡು ನೋಡಿದೆ, ಎಲ್ಲ ಪುಟದಲ್ಲೂ ಇತ್ತು. ಆಮೇಲೆ ಗಂಟುರಾಯನ ಕಿವಿಯ ಮೇಲಿನ ಪೆನ್ಸಿಲ್ ನೋಡಿದೆ. ನನ್ನ ಕೈ ನನ್ನ ಕಿವಿಯ ಮೇಲಿನ ಪೆನ್ಸಿಲ್ಲಿಗೆ ಹೋಯಿತು.

ಒಂದನೆಯ ಇಯತ್ತೆಯಲ್ಲಿ ನೀನು ಎಡಗೈಯಲ್ಲಿ ಬರೆಯುತ್ತಿದ್ದೆ. ದಿನಾ ಸಂಜೆ ಆ ಕೈಯನ್ನು ಹಾಸಿನ ನೂಲಿನಿಂದ ಮಗ್ಗದ ಕಂಬಕ್ಕೆ ಕಟ್ಟಿ, ಬಲಗೈಗೆ ಬಳಪ ಕೊಟ್ಟವನು ನಾನು. ಒಂದು ಮಳೆಗಾಲವಿಡೀ. ನೀನು ಅಳುತ್ತಿರಲಿಲ್ಲ, ಕಂಬವನ್ನು ನೋಡುತ್ತಿದ್ದೆ. ನಾನೂ ಸಣ್ಣವನಿದ್ದಾಗ ಎಡಗೈಯಲ್ಲೇ ಬರೆಯುತ್ತಿದ್ದೆ, ಮಾಸ್ತರು ಗೆಣ್ಣಿನ ಮೇಲೆ ಹೊಡೆಯುತ್ತಿದ್ದರು, ಅದಕ್ಕೇ ಸಾಲಿ ಬಿಟ್ಟೆ. ನಿನಗೂ ಹೊಡೆದರೆ ನೀನೂ ಬಿಟ್ಟೀಯೆಂದು ಹೆದರಿದೆ. ಹೆದರಿ ಕಟ್ಟಿದರೂ ಗಂಟು ಗಂಟೇ.

ಸೀರೆಯಲ್ಲೀಗ ಎಡಗೈ ಲಾಳಿ ಒಗೆಯುತ್ತಿದೆ, ಕಟ್ಟು ಬಲಗೈಗೆ ಹೋಗಿದೆ. ಆ ಕಟ್ಟನ್ನಷ್ಟೇ ಸೂಜಿಯಿಂದ ಒಂದೊಂದೇ ಎಳೆ ತೆಗೆದು ಬಿಡಿಸಿದ್ದೇನೆ. ತಡವಾದದ್ದು ಅದಕ್ಕೇ. ಅಲ್ಲಿ ಸೀರೆ ತುಸು ತೆಳ್ಳಗೆ ಕಂಡರೆ ನೇಯ್ಗೆಯ ದೋಷವೆಂದು ತಿಳಿಯಬೇಡ.

ಸೀರೆಯ ಮಡಿಕೆಯಲ್ಲಿ ಏಳನೆಯ ಪುಸ್ತಕ ಇದೆ. ಆ ಬಲೂನು ತುಂಬುವುದು ನಿನ್ನ ಕೆಲಸವಾಗಿರಲಿಲ್ಲವ್ವಾ, ಬಾಯಿ ತೆರೆದು ನಿಂತವನದು. ಎಂಟು ವರ್ಷ ತಡವಾಗಿ ತುಂಬಿದ್ದೇನೆ: "ತಪ್ಪಾತವ್ವಾ. ಕೈ ತಾ, ಬಿಡಸ್ತೇನಿ."

ಪೆನ್ಸಿಲಿನಲ್ಲೇ ಬರೆದಿದ್ದೇನೆ. ಬೇಡವಾದರೆ ಅಳಿಸು, ಯಾವ ಕೈಯಿಂದಲಾದರೂ.