ಹದಿನೈದರಲ್ಲಿ ನಾಲ್ಕನೆಯದು

ಮಂಗಳವಾರ, ಪಾಳಿ ಮುಗಿಸಿ ಬಂದ ಮೇಲೆ

ನನ್ನ ನಾಟಕ ಕಂಪನಿಗೆ,

ಪಕ್ಕೆಲುಬು ಹೇಗಿದೆ? ನಕ್ಕರೆ ಚುಚ್ಚುತ್ತದೆ ಅಂದಿದ್ದೆಯಲ್ಲ, ಇನ್ನೂ ಹಾಗೇ ಇದ್ದರೆ ಹೆದರಬೇಡ. ಈ ಕಾಗದದಲ್ಲಿ ನಗುವಂಥದ್ದು ಹೆಚ್ಚೇನೂ ಇಲ್ಲ.

ಇವನು ಯಾವಾಗಿಂದ ಕಾಗದ ಬರೆಯೋಕೆ ಶುರು ಮಾಡಿದ ಅಂತ ನೀನು ಹುಬ್ಬು ಏರಿಸಿರುತ್ತೀಯ. ವಾಯ್ಸ್ ನೋಟ್ ಕಳಿಸಿದರೆ ಅಕ್ಕನ ಮುಂದೆ, ಭಾವನ ಮುಂದೆ, ಮನೆಗೆ ಬಂದುಹೋಗುವವರ ಮುಂದೆಲ್ಲ ಜೋರಾಗಿ ಹಾಕುತ್ತೀಯ. ಹೋದ ವಾರ ಹಿಂದಿನಿಂದ ಅಕ್ಕ, ಪಾಪ ಅವನ ದನಿ ಯಾಕೋ ಬತ್ತಿಹೋಗಿದೆ, ಊಟ ಸರಿಯಾಗಿ ಮಾಡ್ತಾನೋ ಇಲ್ವೋ ಕೇಳೋ ಅಂದದ್ದು ನನಗೂ ಕೇಳಿಸಿತು. ಅದಕ್ಕೇ ನಾಲ್ಕು ದಿನದಿಂದ ಕೋಣೆಯೊಳಗೆ ಓಡಾಡುತ್ತ ಫೋನಿಗೆ ಹೇಳಿಕೊಂಡದ್ದನ್ನು ಈಗ ಕೇಳಿ ಕೇಳಿ ಕಾಗದಕ್ಕೆ ಇಳಿಸುತ್ತಿದ್ದೇನೆ. ಈ ಗೋಡೆಯಿಂದ ಆ ಗೋಡೆಗೆ ಏಳು ಹೆಜ್ಜೆ. ನಿನ್ನ ಹಾಸಿಗೆ ಇದ್ದಾಗ ಐದೇ ಇತ್ತು.

ಇದನ್ನು ಒಬ್ಬನೇ ಕೂತು ಓದು.

ಲಾಂಡ್ರಿಯಲ್ಲಿ ನಿನ್ನ ಜಾಗಕ್ಕೆ ಪರದೆ ವಿಭಾಗದ ಹಿರಿಯರನ್ನು ಹಾಕಿದ್ದಾರೆ. ಒಳ್ಳೆಯ ಮನುಷ್ಯ. ಬೆಡ್‌ಶೀಟಿನ ಎರಡು ಮೂಲೆ ಹಿಡಿದು ಹಿಂದೆ ಹೋಗುತ್ತಾರೆ, ಜಾಡಿಸುತ್ತಾರೆ, ಮುಂದೆ ಬಂದು ಮೂಲೆಗಳನ್ನು ನನ್ನ ಕೈಗೆ ಕೊಡುತ್ತಾರೆ, ಮತ್ತೆ ಹೋಗುತ್ತಾರೆ. ದಿನಕ್ಕೆ ಇನ್ನೂರು ಶೀಟು. ನೀನಾಗಿದ್ದರೆ ಹತ್ತಿರ ಬಂದಾಗಲೆಲ್ಲ ಒಂದೊಂದು ಮೂತಿ ಮಾಡುತ್ತಿದ್ದೆ. ನೀರಲ್ಲಿ ಮುಳುಗುವವನ ಮೂತಿ, ಕತ್ತು ಹಿಸುಕಿಸಿಕೊಂಡವನ ಮೂತಿ, ವಿಷ ಕುಡಿದವನ ಮೂತಿ. ನಾನು ಒಂದು ಕಣ್ಣು ಮುಚ್ಚಿ ಕ್ಯಾಮೆರಾ ಎತ್ತಿದರಂತೂ ಮುಗಿದೇ ಹೋಯಿತು, ಸಾಯದೆ ಬಿಡುತ್ತಿರಲಿಲ್ಲ ನೀನು. ಎರಡು ವರ್ಷದಲ್ಲಿ ನಾನು ತೆಗೆದ ನಿನ್ನ ಚಿತ್ರಗಳಲ್ಲಿ ಒಂದರಲ್ಲೂ ನೀನು ಸುಮ್ಮನೆ ನಿಂತಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತಿದ್ದೇನೆ. ಮುಂದೆ ಇದೇ ನನ್ನ ನೆಪ ಆಗುತ್ತದೆ.

ಒಪ್ಪಿಗೆಯ ಫಾರಂ ತಲುಪಿತು. ಗ್ರಂಥಾಲಯದ ಸಭಾಂಗಣದಲ್ಲಿ ಹವ್ಯಾಸಿಗಳ ಪ್ರದರ್ಶನ, ಸಂಗೀತದ ಚಿತ್ರಗಳ ಸಾಲಿನಲ್ಲಿ ನನ್ನದೇ ಮೊದಲು ತೂಗುಹಾಕುತ್ತಾರೆ, ಮುಖ ಕಾಣಿಸುವವರ ಸಹಿ ಬೇಕು ಅಂತ ಹೇಳಿದ್ದೆನಲ್ಲ. ನೀನು ಚಿತ್ರ ನೋಡಿ ಅವತ್ತೇ ಸಹಿ ಹಾಕಿ, ಬೆನ್ನಿಗೆ, ಕೊನೆಗೂ ನನ್ನ ಮೂತಿ ನೆಟ್ಟಗೆ ತೆಗೆದೆಯಲ್ಲೋ ಒಂಟಿಗಣ್ಣ, ಅಂತ ಬರೆದಿದ್ದೀಯ. ಅದರ ಕೆಳಗೆ ಅಕ್ಕನ ದುಂಡು ಅಕ್ಷರ: ನನ್ನ ತಮ್ಮನನ್ನು ಉಳಿಸಿಕೊಟ್ಟವನು ನೀನು, ನಿನಗೂ ಒಂದು ಸ್ವೆಟರ್ ಹೆಣೆಯುತ್ತಿದ್ದೇನೆ, ಎದೆಯ ಅಳತೆ ಕಳಿಸು.

ಅಳತೆ ಕಳಿಸಿಲ್ಲ. ಟೇಪು ಹಿಡಿದು ಕನ್ನಡಿ ಮುಂದೆ ನಿಂತದ್ದು ನಿಜ. ಸುತ್ತಿಕೊಂಡು, ನೋಡಿ, ಹಾಗೇ ತೆಗೆದಿಟ್ಟೆ.

ನಿನ್ನನ್ನು ಎಳೆದು ಉಳಿಸಿದ್ದು ನಾನಲ್ಲ ಕಣೋ.

ಬರೆದೆ. ನಾಲ್ಕು ದಿನದ ಮಾತಿನಲ್ಲಿ ಈ ಒಂದು ಸಾಲನ್ನು ಫೋನಿಗೂ ಹೇಳಿರಲಿಲ್ಲ. ಇನ್ನು ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಆ ಸಂಗೀತ ಕಾರ್ಯಕ್ರಮದ ದಿನ ಕತ್ತಿಗೆ ಪಾಸು ತೂಗುಹಾಕಿಕೊಂಡು ನಾನು ಒಳಗೆ ಹೋದದ್ದು ನಿನಗೆ ಗೊತ್ತು. ಸ್ಟೇಜಿಗೂ ಜನರನ್ನು ತಡೆಯುವ ಬೇಲಿಗೂ ನಡುವೆ ಒಂದು ಮಂಚದ ಅಗಲದ ಓಣಿ ಇರುತ್ತದೆ. ಛಾಯಾಗ್ರಾಹಕರಿಗೆ ಅಷ್ಟೇ ಜಾಗ. ಮೊದಲ ಮೂರು ಹಾಡು, ಫ್ಲಾಶ್ ಹಾಕುವಂತಿಲ್ಲ, ಮೂರನೆಯದು ಮುಗಿದ ತಕ್ಷಣ ಕಾವಲಿನವರು ಹೊರಗೆ ಅಟ್ಟುತ್ತಾರೆ. ಹನ್ನೆರಡು ನಿಮಿಷ ಅಂದುಕೋ. ಅದಕ್ಕಾಗಿ ನಾನು ಒಂದು ವರ್ಷ ಸಣ್ಣಪುಟ್ಟ ತಂಡಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದದ್ದಕ್ಕೆ ನೀನೇ ಸಾಕ್ಷಿ. ನನ್ನ ಬೆಳಗಿನ ಪಾಳಿಯನ್ನು ಎಷ್ಟು ಸಲ ನೀನು ಮಾಡಿದ್ದೀಯ ಅಂತ ಲೆಕ್ಕ ಇಟ್ಟಿಲ್ಲ.

ನೀನು ಮಧ್ಯಾಹ್ನ ಎರಡಕ್ಕೇ ಹೋಗಿ ಬೇಲಿಗೆ ಎದೆ ಒತ್ತಿಕೊಂಡು ನಿಂತೆ. ನಿನಗೆ ಆ ತಂಡದ ಒಂದು ಹಾಡೂ ಬರುತ್ತಿರಲಿಲ್ಲ. ನನಗೆ ಮುಂದಿನ ಸಾಲಿನಲ್ಲಿ ಒಂದು ಮುಖ ಬೇಕಿತ್ತು, ಅದಕ್ಕೆ ನಿಂತೆ. ಗಿಟಾರಿನವನು ಅಂಚಿಗೆ ಬರ್ತಾನೆ, ಆಗ ಬಿಳಿ ಬೆಳಕು ಜನರ ಮೇಲೆ ಬೀಳುತ್ತೆ, ನಾನು ಕೈ ಎತ್ತುತ್ತೇನೆ, ಆಗ ಮೂತಿ ಮಾಡು ಅಂದಿದ್ದೆ. ನೀನು, ಯಾವ ಸಾವು ಬೇಕು ಹೇಳು, ಮೆನು ಕಾರ್ಡ್ ಕೊಡ್ಲಾ ಅಂದೆ.

ಮೊದಲೆರಡು ಹಾಡು ಹಾಳಾದವು. ಡ್ರಮ್ಮಿನವನು ಹೊಗೆಯೊಳಗೆ ಮುಳುಗಿದ್ದ, ಹಾಡುವವಳ ಮುಖಕ್ಕೆ ಮೈಕು ಅಡ್ಡ. ಒಳ್ಳೆಯ ಜಾಗವನ್ನೆಲ್ಲ ಆ ದೊಡ್ಡ ಲೆನ್ಸಿನವರೊಬ್ಬರೇ ಹಿಡಿದುಬಿಟ್ಟಿದ್ದರು. ನೆನಪಿದೆಯಲ್ಲ, ಸರತಿಯಲ್ಲಿ ನನ್ನ ಕ್ಯಾಮೆರಾ ನೋಡಿ, ಇದು ಇನ್ನೂ ಕೆಲಸ ಮಾಡುತ್ತಾ ಅಂತ ಕೇಳಿದ ಬೋಳುತಲೆಯ ಪತ್ರಿಕೆಯವರು. ಅವರ ಬೆನ್ನ ಹಿಂದೆ ನೀನು ಅವರದೇ ನಡಿಗೆ ನಡೆದು ತೋರಿಸಿದ್ದೆ.

ಮೂರನೆಯ ಹಾಡಿಗೆ ಗಿಟಾರಿನವನು ಅಂಚಿಗೆ ಬಂದ. ನಾನು ಸ್ಟೇಜಿಗೆ ಬೆನ್ನು ಹಾಕಿ ನಿನ್ನ ಕಡೆ ತಿರುಗಿ ಕೈ ಎತ್ತಿದೆ. ಅದೇ ಹೊತ್ತಿಗೆ ಹಿಂದಿನ ಜನ ಅಲೆಯ ಹಾಗೆ ಮುಂದೆ ಬಂದರು. ನೀನು ಬಾಯಿ ತೆರೆದೆ.

ನಾನು ತೆಗೆದದ್ದು ಹದಿನೈದು. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಹತ್ತೊಂಬತ್ತು ಸೆಕೆಂಡು, ಕ್ಯಾಮೆರಾ ತಾನೇ ಬರೆದಿಟ್ಟುಕೊಂಡಿದೆ. ಮೊದಮೊದಲು ನಾಟಕ ಅಂದುಕೊಂಡೆ. ಏನು ಚೆನ್ನಾಗಿ ಸಾಯುತ್ತಾನಪ್ಪ ಇವತ್ತು ಅಂತ ಒಳಗೊಳಗೇ ನಕ್ಕೆ. ಹತ್ತನೆಯದರಲ್ಲಿ ನಿನ್ನ ತುಟಿಯ ಬಣ್ಣ ನೋಡಿದೆ. ಬೇಲಿಯ ಕಂಬಿ ನಿನ್ನ ಎದೆಯೊಳಗೆ ಹೋದ ಹಾಗಿತ್ತು. ಗೊತ್ತಾಯಿತು. ಗೊತ್ತಾದ ಮೇಲೂ ಐದು ತೆಗೆದೆ.

ಯಾಕೆ ಅಂತ ಕೇಳಬೇಡ. ನಾನೇ ಎಷ್ಟು ಸಲ ಕೇಳಿಕೊಂಡೆ. ಬೆಳಕು ಅಷ್ಟು ಚೆನ್ನಾಗಿತ್ತು, ಅಷ್ಟೇ ಉತ್ತರ ಸಿಗುತ್ತದೆ. ನಿನಗೂ ನನಗೂ ನಡುವೆ ಎರಡೇ ಮೊಳ. ಕೈ ಚಾಚಿದರೆ ಸಿಗುತ್ತಿದ್ದೆ.

ದೊಡ್ಡ ಲೆನ್ಸಿನವರು ನನ್ನ ಎಡಗಡೆಯಿಂದ ಬಂದರು. ಕ್ಯಾಮೆರಾವನ್ನು ನೆಲಕ್ಕೆ ಹಾಕಿದರು. ಇಟ್ಟರು ಅನ್ನಲಾರೆ, ಹಾಕಿಯೇಬಿಟ್ಟರು. ನಿನ್ನ ಕಂಕುಳಿಗೆ ಕೈ ಕೊಟ್ಟು, ಕಾವಲಿನವನನ್ನು ಕೂಗಿ, ಇಬ್ಬರೂ ಸೇರಿ ನಿನ್ನನ್ನು ಬೇಲಿಯ ಮೇಲಿಂದ ಎತ್ತಿಕೊಂಡರು. ಹದಿನೈದನೆಯದರಲ್ಲಿ ನಿನ್ನ ಎರಡು ಪಾದ ಮಾತ್ರ ಇವೆ. ಯಾರದೋ ಬೂಟು ತಗುಲಿ ಅವರ ಲೆನ್ಸು ಸ್ಟೇಜಿನ ಅಡಿಗೆ ಉರುಳಿ ಹೋಯಿತು.

ಆಮೇಲೆ ಹುಲ್ಲಿನ ಮೇಲೆ ನೀನು ಕಣ್ಣು ಬಿಟ್ಟಾಗ ಒದ್ದೆ ಟವೆಲ್ ಹಿಡಿದು ಪಕ್ಕದಲ್ಲಿ ಕೂತಿದ್ದವನು ನಾನು. ಅವರು ಲೆನ್ಸು ಹುಡುಕಲು ಹೋಗಿದ್ದರು. ನೀನು, ನೀನಾ ಎಳೆದದ್ದು ಅಂತ ಕೇಳಿದೆ. ನಾನು, ಸುಮ್ನಿರು, ಮಾತಾಡಬೇಡ, ಉಸಿರಾಡು ಅಂದೆ. ಅದು ಹೌದು ಅಂತ ಆಯಿತು. ಆಸ್ಪತ್ರೆಯಲ್ಲಿ ನರ್ಸಮ್ಮ, ಯಾರಪ್ಪ ಹೊರಗೆ ತಂದದ್ದು, ಇನ್ನೊಂದು ನಿಮಿಷ ಆಗಿದ್ರೆ ಕಷ್ಟ ಇತ್ತು ಅಂದಾಗ ನೀನು ನನ್ನ ಕಡೆ ಬೆರಳು ತೋರಿಸಿದೆ. ನಾನು ನನ್ನ ಬೂಟು ನೋಡಿಕೊಂಡು ನಿಂತೆ. ಅಕ್ಕ ಫೋನಿನಲ್ಲಿ ಅಳುವಾಗ, ಅಷ್ಟೆಲ್ಲ ಏನೂ ಇಲ್ಲ ಬಿಡಿ ಅಕ್ಕಾ ಅಂದೆ. ನೋಡು ಎಷ್ಟು ದೊಡ್ಡ ಗುಣ, ಹೇಳಿಕೊಳ್ಳೋದೂ ಇಲ್ಲ ಅಂತ ಭಾವನಿಗೆ ಹೇಳಿದರು. ನಾನು ಎಷ್ಟು ಹಿಂದೆ ಸರಿದರೆ ಅಷ್ಟು ಒಳ್ಳೆಯವನಾಗುತ್ತ ಹೋದೆ.

ಪ್ರದರ್ಶನದವರು ಆರಿಸಿದ್ದು ಹನ್ನೆರಡನೆಯದನ್ನು. ತಲೆ ಹಿಂದಕ್ಕೆ ವಾಲಿದೆ, ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ, ಬಲಗೈ ಮೇಲಕ್ಕೆ ಎದ್ದಿದೆ. ನೋಡಿದವರೆಲ್ಲ, ಹಾಡಿನಲ್ಲಿ ಕರಗಿಹೋಗಿದ್ದಾನೆ ಅನ್ನುತ್ತಾರೆ. ‘ಪರವಶ’ ಅಂತ ಹೆಸರಿಟ್ಟದ್ದು ನಾನು. ಮೂಲ ಚಿತ್ರದ ಎಡ ಅಂಚಿನಲ್ಲಿ ಒಂದು ಕೈ ಇದೆ, ಕೂದಲು ತುಂಬಿದ ಮುಂಗೈ, ನಿನ್ನ ಕಡೆ ಚಾಚಿದ್ದು. ಅದಿದ್ದರೆ ಯಾರಿಗಾದರೂ ಅರ್ಥವಾಗಿಬಿಡುತ್ತಿತ್ತು. ಕತ್ತರಿಸಿದೆ.

ಹೋದ ಶುಕ್ರವಾರ ಒಂದು ಸಣ್ಣ ಕಾರ್ಯಕ್ರಮದಲ್ಲಿ ಆ ದೊಡ್ಡ ಲೆನ್ಸಿನವರು ಸಿಕ್ಕಿದರು. ಬೇರೆ ಯಾರದೋ ಲೆನ್ಸು ಹಾಕಿಕೊಂಡಿದ್ದರು. ನಾನು ಕಂಬದ ಮರೆಗೆ ಸರಿದರೂ ಹುಡುಕಿಕೊಂಡು ಬಂದು, ನಿಮ್ಮ ಗೆಳೆಯ ಹೇಗಿದ್ದಾರೆ ಅಂತ ಕೇಳಿದರು. ಪರವಾಗಿಲ್ಲ, ಅಕ್ಕನ ಮನೆಯಲ್ಲಿದ್ದಾನೆ ಅಂದೆ. ಸದ್ಯ ಅಂದರು. ಪ್ರದರ್ಶನದ ಆಮಂತ್ರಣದಲ್ಲಿ ನನ್ನ ಚಿತ್ರ ನೋಡಿದರಂತೆ. ಚೆನ್ನಾಗಿ ಬಂದಿದೆ, ಎಡಗಡೆ ಸ್ವಲ್ಪ ಜಾಸ್ತಿ ಕತ್ತರಿಸಿದ್ದೀರಿ ಅನ್ನಿಸುತ್ತೆ, ಅಂದರು. ಸ್ಟೇಜಿನ ಕಡೆ ಹೋದರು. ಸಿಟ್ಟು ಮಾಡಿಕೊಂಡಿದ್ದರೆ ನಾನೂ ಎರಡು ಮಾತು ಆಡಿ ಹಗುರ ಆಗುತ್ತಿದ್ದೆ.

ಅವತ್ತಿನಿಂದ ಈ ಏಳು ಹೆಜ್ಜೆಯ ಓಡಾಟ.

ಇವತ್ತು ಊಟದ ಬಿಡುವಿನಲ್ಲಿ ಗ್ರಂಥಾಲಯಕ್ಕೆ ಹೋಗಿ ಚಿತ್ರ ವಾಪಸು ತಂದೆ. ಅಲ್ಲಿನ ಮೇಡಂ ಯಾಕೆ ಅಂತ ಕೇಳಿದರು. ಆ ಸಹಿ ನಡೆಯುವುದಿಲ್ಲ ಅಂದೆ. ಅವರು ಫಾರಂ ತಿರುಗಿಸಿ ನೋಡಿ, ಎಷ್ಟು ಖುಷಿಯಿಂದ ಹಾಕಿದ್ದಾರಲ್ಲ ಅಂದರು. ಅದಕ್ಕೇ ಮೇಡಂ ಅಂದೆ. ನನ್ನ ಜಾಗದಲ್ಲಿ ಯಾರದೋ ಪಿಟೀಲಿನ ಚಿತ್ರ ತೂಗುಹಾಕುತ್ತಾರೆ.

ಫಾರಮ್ಮನ್ನು ವಾಪಸು ಕಳಿಸುತ್ತಿದ್ದೇನೆ. ಹಿಂದೆ ಅಕ್ಕನ ಬರಹ ಇದೆ, ಹರಿದುಹಾಕಲು ಕೈ ಬರಲಿಲ್ಲ. ಜೊತೆಗೆ ಚಿತ್ರಗಳನ್ನೂ ಇಟ್ಟಿದ್ದೇನೆ. ಬೆನ್ನಿಗೆ ಸಂಖ್ಯೆ ಹಾಕಿದ್ದೇನೆ, ಕ್ರಮವಾಗಿ ನೋಡು. ಹನ್ನೆರಡನೆಯದು ಕತ್ತರಿಸದೆ ಪೂರ್ತಿ ಇದೆ. ಒಟ್ಟು ಹದಿನಾಲ್ಕು. ನಾಲ್ಕನೆಯದು ಕೈ ನಡುಗಿ ಮಸುಕಾಗಿದೆ, ಏನೂ ಕಾಣಿಸುವುದಿಲ್ಲ ಅಂತ ಪ್ರಿಂಟ್ ಹಾಕಿಸಲಿಲ್ಲ.

ದೊಡ್ಡ ಲೆನ್ಸಿನವರ ವಿಳಾಸ ಬೇರೆ ಚೀಟಿಯಲ್ಲಿದೆ. ಅಕ್ಕನಿಗೆ ಕೊಡು. ಸ್ವೆಟರ್ ಅವರಿಗೆ ಹೋಗಲಿ. ನನಗಿಂತ ದಪ್ಪ ಇದ್ದಾರೆ, ನಾಲ್ಕು ಬೆರಳು ಜಾಸ್ತಿ ಹಿಡಿಯಲಿ. ಅಕ್ಕನಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು ಅನ್ನುವುದು ನಿನಗೆ ಬಿಟ್ಟದ್ದು. ಇಲ್ಲ, ಇದೂ ಜಾರಿಕೊಳ್ಳುವುದೇ ಆಯಿತು. ಭಾನುವಾರ ನಾನೇ ಫೋನ್ ಮಾಡಿ ಅಕ್ಕನಿಗೆ ಹೇಳುತ್ತೇನೆ. ಅಷ್ಟರೊಳಗೆ ಈ ಕಾಗದ ನಿನಗೆ ಸೇರಲಿ.

ಕ್ಷಮಿಸು ಅಂತ ಬರೆಯಲು ಹೊರಟವನು ನಿಲ್ಲಿಸಿದೆ. ಬರೆದರೆ ನೀನು ತಕ್ಷಣ, ಹೋಗ್ಲಿ ಬಿಡೋ ಅಂದುಬಿಡುತ್ತೀಯ, ನನಗೆ ನಿನ್ನ ಸ್ವಭಾವ ಗೊತ್ತು. ಸಹಿ ಹಾಕಿದಷ್ಟು ಬೇಗ ಅಂದುಬಿಡುತ್ತೀಯ. ಮೊದಲು ಚಿತ್ರ ನೋಡು. ನಿಧಾನವಾಗಿ ನೋಡು.

ನಿನ್ನ ಹಾಸಿಗೆಯನ್ನು ಸುತ್ತಿ ಗೋಡೆಗೆ ಒರಗಿಸಿದ್ದೇನೆ. ಕೋಣೆಯ ಮಾಲೀಕರು ಬೇರೆಯವರನ್ನು ಸೇರಿಸಿಕೊಳ್ಳಲಾ ಅಂತ ಎರಡು ಸಲ ಕೇಳಿದರು. ಇನ್ನೂ ಏನೂ ಹೇಳಿಲ್ಲ.

ಇಂತಿ, ನೀನು ಇಟ್ಟ ಹೆಸರಿನವನೇ ಆದ,
ಒಂಟಿಗಣ್ಣ

ತಾ.ಕ.: ಬುಧವಾರ. ಅಂಚೆ ಕಚೇರಿಯ ಸರತಿಯಲ್ಲಿ ನಿಂತು, ಅಂಟಿಸಿದ್ದ ಲಕೋಟೆ ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ನಾಲ್ಕನೆಯದು ಮಸುಕಾಗಿಲ್ಲ. ಹದಿನೈದರಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿರುವುದು ಅದೇ. ಬೆಳಿಗ್ಗೆ ಪ್ರಿಂಟ್ ಹಾಕಿಸಿದೆ, ಒಳಗಿದೆ. ಅದರಲ್ಲಿ ನೀನು ಯಾವ ಮೂತಿಯನ್ನೂ ಮಾಡಿಲ್ಲ. ನೇರ ನನ್ನನ್ನೇ ನೋಡುತ್ತಿದ್ದೀಯ. ನನ್ನ ಕಿವಿಗೆ ಬಿರಡೆ ಇತ್ತು, ಮೇಲೆ ಅಷ್ಟು ಸದ್ದು, ಆದರೂ ನಿನ್ನ ತುಟಿ ನೋಡಿಯೇ ತಿಳಿಯಿತು. ಒಂಟಿಗಣ್ಣ ಅನ್ನಲಿಲ್ಲ ನೀನು. ಎರಡು ವರ್ಷದಲ್ಲಿ ಒಂದೇ ಒಂದು ಸಲ ನನ್ನ ನಿಜವಾದ ಹೆಸರು ಹಿಡಿದು ಕರೆದೆ. ಹತ್ತನೆಯದರಲ್ಲಿ ಗೊತ್ತಾಯಿತು ಅಂತ ಮೇಲೆ ಬರೆದದ್ದು ಸುಳ್ಳು. ಆಗಲೇ ಗೊತ್ತಾಯಿತು. ಆಮೇಲೆ ಹನ್ನೊಂದು ತೆಗೆದೆ.