ಹೆಬ್ಬೆರಳಿಗೆ ತಾಗಿದ ಉಸಿರು

ಅಬಿಂಗ್ಡನ್,
ಭಾನುವಾರ, ೧೨ ಅಕ್ಟೋಬರ್ ೧೯೯೭

ಪ್ರೀತಿಯ ಚಂಪೂ,

ಹೇಗಿದ್ದೀಯಮ್ಮ? ಅಬರ್ಡೀನಿನಲ್ಲಿ ಆಗಲೇ ಗಾಳಿ ಮುಖ ಕೊಯ್ಯುತ್ತಿರಬೇಕು. ಉಣ್ಣೆ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡೇ ಶಾಲೆಗೆ ಹೋಗು. ನೀನು ಪಾಠ ಹೇಳುವ ಮಕ್ಕಳು ನಕ್ಕರೆ ನಗಲಿ. ನನ್ನ ಮಂಡಿನೋವು ಹಾಗೇ ಇದೆ. ರಕ್ತದೊತ್ತಡ ಡಾಕ್ಟರಿಗೆ ಒಪ್ಪಿಗೆಯಾಗುವಷ್ಟಿದೆ. ಸಾರಿಗೆ ಈಗಲೂ ಇಬ್ಬರಿಗಾಗುವಷ್ಟು ಬೇಳೆ ಹಾಕಿಬಿಡುತ್ತೇನೆ, ಕೈ ಮಾತು ಕೇಳುವುದಿಲ್ಲ.

ಸುದ್ದಿಯೆಂದರೆ, ನಮ್ಮ ಹಳೆಯ ಎಂ.ಜಿ. ಕಾರು ಮಾರುತ್ತಿದ್ದೇನೆ. ಅದು ಮನೆಯಲ್ಲಿರುವ ತನಕ ಹೊಸಿಲು ತುಳಿಯುವುದಿಲ್ಲವೆಂದು ನೀನು ಬರೆದು ಮೂರೂವರೆ ವರ್ಷ ದಾಟಿತು. ಸ್ವಿಂಡನ್ನಿನವನೊಬ್ಬ ಬುಧವಾರ ಬರುತ್ತಾನೆ, ಎಂಜಿನ್ ಓಡುವುದನ್ನು ಕೇಳದೆ ಮುಟ್ಟುವುದಿಲ್ಲವಂತೆ. ಆದ್ದರಿಂದ ಬಾನೆಟ್ ಎತ್ತಲೇಬೇಕಾಯಿತು. ಅಮ್ಮ ಹೋದ ದಿನದಿಂದ ಎತ್ತಿರಲಿಲ್ಲ. ಟಾರ್ಪಾಲಿನ ಕೆಳಗೆ ಯಾರೋ ಮುಸುಕೆಳೆದು ಮಲಗಿದಂತೆ ಕಾಣುತ್ತದೆಂದು ನಾನು ಗ್ಯಾರೇಜಿಗೆ ಹೋಗುವುದನ್ನೇ ಬಿಟ್ಟಿದ್ದೆ. ಹುಲ್ಲು ಕತ್ತರಿಸುವ ಯಂತ್ರ ಹೊರಗೇ ನಿಂತು ತುಕ್ಕು ಹಿಡಿಯಿತು. ಆದರೂ ಏನು ಪ್ರಯೋಜನ? ಟೋಸ್ಟರ್ ಟಕ್ಕೆಂದರೆ ಸಾಕು, ಆ ಫೆಬ್ರವರಿಯ ಬೆಳಿಗ್ಗೆ ಕಾರ್ಬ್ಯುರೇಟರ್ ಪಟಾರೆಂದು ಸಿಡಿದ ಶಬ್ದ ಕೇಳುತ್ತದೆ. ಅದರ ಹಿಂದೆಯೇ ಅಮ್ಮನ ದನಿ: "ಆಯ್ತೇನ್ರೀ?"

ನೀನು ಅಲ್ಲಿರಲಿಲ್ಲ, ಹಿಂದಿನ ವಾರ ರಜೆಗೆ ಬಂದು, ಪ್ಲಗ್ಗುಗಳಿಗೆ ಕಿಡಿ ಒಯ್ಯುವ ಹಳೆಯ ವೈರು ಕಿತ್ತು ಹೊಸ ನಾಲ್ಕು ವೈರು ಹಾಕಿ ಹೋಗಿದ್ದೆ. ನೀನು ಹಾಕುತ್ತಾ ಹೋದ ಹಾಗೆ ಅಮ್ಮ ತನ್ನ ಕೆಂಪು ಉಗುರುಬಣ್ಣದಲ್ಲಿ ಒಂದೊಂದಕ್ಕೂ ಚುಕ್ಕೆ ಇಟ್ಟಿದ್ದಳು: ಒಂದು, ಎರಡು, ಮೂರು, ನಾಲ್ಕು. ಆ ಬೆಳಿಗ್ಗೆ ಎಣ್ಣೆ ಜಿನುಗುತ್ತಿದೆಯೆಂದು ನಾನು ಆ ವೈರುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು, ಅದರ ಕೆಳಗಿನ ಹಲ್ಲುಗಾಲಿಯ ಸಮೇತ, ಬಿಚ್ಚಿ ಅಡಿಗೆಮನೆ ಮೇಜಿನ ಮೇಲಿಟ್ಟಿದ್ದೆ. ಆಗ ಅವಳಿಗೆ ಎದೆನೋವು ಬಂತು. "ಇಷ್ಟಕ್ಕೆಲ್ಲ ಆಂಬುಲೆನ್ಸಾ? ಬೀದಿಯವರೆಲ್ಲ ಪರದೆ ಸರಿಸಿ ನೋಡ್ತಾರೆ, ನೀವೇ ಕರ್ಕೊಂಡು ಹೋಗಿ" ಅಂದಳು. ಐದು ನಿಮಿಷ ಅಂದೆ. ಕೋಟು ತೊಟ್ಟು, ಕೈಚೀಲ ತೊಡೆಯ ಮೇಲಿಟ್ಟು, ಕಾರಿನಲ್ಲಿ ಕೂತಳು. ಜೋಡಿಸಿ ಚಾಲೂ ಮಾಡಿದರೆ ಪಟಾರ್. "ಆಯ್ತೇನ್ರೀ?" ಮತ್ತೆ ಪಟಾರ್. "ಆಯ್ತೇನ್ರೀ?" ನಾಲ್ಕನೆಯ ಸಲ ಅವಳು ಕೇಳಲಿಲ್ಲ. ಫೋನಿಗೆ ಓಡುವ ಹೊತ್ತಿಗೆ ನಲವತ್ತು ನಿಮಿಷ ಕಳೆದಿತ್ತು. ಸಂಜೆ ನೀನು ಬಂದಿಳಿದಾಗ ಆಸ್ಪತ್ರೆಯ ಕಾರಿಡಾರಿನಲ್ಲಿ ನಿನ್ನ ಮುಖಕ್ಕೆ ಹೇಳಿದೆನಲ್ಲ, ವೈರು ಅದಲುಬದಲು ಮಾಡಿಟ್ಟು ಹೋದವಳು ನೀನೇ ಎಂದು. ನೀನು ಗ್ಲೌಸು ಹಾಕಿಕೊಂಡೆ, ತೆಗೆದೆ, ಮತ್ತೆ ಹಾಕಿಕೊಂಡೆ.

ಇರಲಿ, ನಿನ್ನೆಯ ವಿಷಯಕ್ಕೆ ಬರುತ್ತೇನೆ. ಪಕ್ಕದ ಮನೆಯ ರೆಜ್ ಟಫ್ರಿ ಗೊತ್ತಲ್ಲ, ಈ ಊರಿನ ಕಾರ್ಖಾನೆ ಮುಚ್ಚುವ ತನಕ ಇಪ್ಪತ್ತೆರಡು ವರ್ಷ ಇವೇ ಎಂ.ಜಿ.ಗಳ ಎಂಜಿನ್ ಹದ ಮಾಡಿದವನು. ಅವನನ್ನು ಕರೆದೆ. "ಏನ್ ರಾವ್, ಒಳ್ಳೆ ಹೆಣ ಮುಚ್ಚಿದ ಹಾಗೆ ಮುಚ್ಚಿದ್ದೀಯಲ್ಲ" ಅಂದವನು ನಾಲಿಗೆ ಕಚ್ಚಿಕೊಂಡು, ಚಹಾದಲ್ಲಿ ಬಿಸ್ಕೆಟ್ ಅದ್ದಿ ಅದ್ದಿ ಕರಗಿಸಿಬಿಟ್ಟ. ಆಮೇಲೆ ಆ ದಿನ ಡಿಸ್ಟ್ರಿಬ್ಯೂಟರ್ ಹೇಗೆ ಕೂರಿಸಿದೆ ಎಂದು ಕೇಳಿದ. ಕೈಪಿಡಿಯ ಸಾಲನ್ನು ಬಾಯಿಪಾಠ ಒಪ್ಪಿಸಿದೆ: ಮೊದಲನೆಯ ಸಿಲಿಂಡರಿನ ಪಿಸ್ಟನ್ ಮೇಲಕ್ಕೆ ಬಂದು ಗುರುತುಗಳು ಕೂಡಿದಾಗ. "ಆಮೇಲೆ?" ಅಂದ. ಆಮೇಲಿನದು ನೆನಪಿಗೆ ಬರಲಿಲ್ಲ. ಧಾರವಾಡದ ಕಾಲೇಜಿನಲ್ಲೂ ಹೀಗೇ. ಇಂಗ್ಲಿಷಿನ ಉತ್ತರಗಳ ಮೊದಲರ್ಧ ಗಿಳಿಯ ಹಾಗೆ ಒಪ್ಪಿಸುತ್ತಿದ್ದೆ, ಉಳಿದರ್ಧಕ್ಕೆ ಮೇಷ್ಟ್ರ ಮುಖ ನೋಡುತ್ತಿದ್ದೆ. ರೆಜ್ ಗದರಿದ: "ಆ ಗುರುತು ಎರಡು ಸುತ್ತಿಗೆ ಎರಡು ಸಲ ಕೂಡುತ್ತೆ, ಕಿಡಿ ಬೇಕಾದ್ದು ಒಂದು ಸಲ ಮಾತ್ರ ಕಣಯ್ಯ, ಪುಸ್ತಕದ ಹುಳ! ಗಾಳಿ ಒತ್ತೋ ಸುತ್ತು ಯಾವುದು ಅಂತ ಹೆಬ್ಬೆರಳಿಟ್ಟು ನೋಡಿದ್ಯಾ? ನಮ್ಮಲ್ಲಿ ನಿನ್ನೆ ಸೇರಿದವನೂ ಬೆರಳಿಡದೆ ಕೂರಿಸ್ತಿರಲಿಲ್ಲ."

ಮೊದಲನೆಯ ಸಿಲಿಂಡರಿನ ಪ್ಲಗ್ ಬಿಚ್ಚಿ ಆ ತೂತಿಗೆ ನನ್ನ ಹೆಬ್ಬೆರಳು ಒತ್ತಿಸಿದ. ಮುಂದೆ ಮಂಡಿಯೂರಿ ಸ್ಪ್ಯಾನರಿನಿಂದ ಎಂಜಿನ್ ತಿರುಗಿಸಿದ. ಗುರುತುಗಳು ಕೂಡಿದವು, ಕಿಡಿ ಹಂಚುವ ಮುಳ್ಳು ಅಮ್ಮನ ಒಂದು ಚುಕ್ಕೆಯ ವೈರಿನತ್ತ ನಿಂತಿತು, ಎಲ್ಲ ನಾನು ಆ ದಿನ ಕೂರಿಸಿದ ಹಾಗೆಯೇ. "ಬಂತಾ?" ಇಲ್ಲ. ಬೆರಳಿಗೆ ಏನೂ ತಾಗಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದ. ತಣ್ಣನೆಯದೊಂದು ಉಸಿರು ಒಳಗಿನಿಂದ ಬಂದು ಬೆರಳನ್ನು ಮೇಲಕ್ಕೆ ನೂಕಿತು. ಆ ಬೆಳಿಗ್ಗೆ ಕಾರಿನಲ್ಲಿ ಅಮ್ಮನ ಮೂಗಿನ ಹತ್ತಿರ ಹಿಡಿದದ್ದೂ ಇದೇ ಬೆರಳು. ರೆಜ್ ಕೆಳಗಿನಿಂದ "ಬಂತಾ, ಬಂತಾ ಹೇಳಯ್ಯ" ಎಂದು ಕೂಗುತ್ತಲೇ ಇದ್ದ.

ಅವನೇ ಹಲ್ಲುಗಾಲಿ ಎತ್ತಿ, ಅರ್ಧ ಸುತ್ತು ತಿರುಗಿಸಿ, ಡಿಸ್ಟ್ರಿಬ್ಯೂಟರ್ ಕೂರಿಸಿಕೊಟ್ಟ. ಬೇರೆ ಬ್ಯಾಟರಿ, ಹೊಸ ಪೆಟ್ರೋಲು. ಎರಡನೆಯ ಸಲಕ್ಕೆ ಹೊತ್ತಿಕೊಂಡಿತು. ನಾನು ಖಾಲಿ ಸೀಟಿನತ್ತ ತಿರುಗಿದೆ. ಆಯ್ತು ಕಣೇ ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆನೇನೋ. ರೆಜ್ ಟೋಪಿ ತೆಗೆದು ಬಾಗಿಲ ಕಡೆ ಮುಖಮಾಡಿ ನಿಂತ.

ಬುಧವಾರದ ನಂತರ ಗ್ಯಾರೇಜು ಖಾಲಿ. ನಿನ್ನ ಕೋಣೆಯ ಹೀಟರ್ ರಿಪೇರಿ ಮಾಡಿಸಿದ್ದೇನೆ. ರೆಜ್ ನಿನ್ನನ್ನು ವಿಚಾರಿಸಿದ. ಹೊತ್ತು ಹೊತ್ತಿಗೆ ಊಟ ಮಾಡು, ಚೆನ್ನಾಗಿರು ತಾಯೀ.

ನಿನ್ನ
ಅಪ್ಪ

ಮರೆತದ್ದು: ಇಲ್ಲ, ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಸುತ್ತು ತಪ್ಪಿದವನು ನಾನು. ವೈರುಗಳನ್ನು ರೆಜ್ ಒಂದೊಂದಾಗಿ ನೋಡಿದ, ನಾನೂ ಅವನ ಹಿಂದೆ ಮತ್ತೊಮ್ಮೆ ನೋಡಿದೆ. ಒಂದನ್ನೂ ಕದಲಿಸಬೇಕಾಗಲಿಲ್ಲ. ನಿನ್ನೆ ಕಾರು ಓಡಿದ್ದು ನೀನು ಹಾಕಿಟ್ಟುಹೋದ ವೈರುಗಳಲ್ಲೇ, ಚಂಪೂ.